ಬೀಗಿತ್ತಿಯರು ಕೇಳಿದ ಅಡ್ಡಗಟ್ಟೆ

ಕಡಲಾಚೆಯ ಕಿಟುಯಿ ಸೀಮೆಯ ಕ್ಯಾಂಡುಲಾ ಊರಿನಲ್ಲಿ ಒಂದು ಸಂತೆ ಶೆಡ್ಡು ಇತ್ತು. ತಗಡಿನ ಮಾಡು, ಸಿಮೆಂಟಿನ ನೆಲ, ನಾಲ್ಕೂ ಕಡೆಯಿಂದ ಗಾಳಿ. ಕಟ್ಟಿದ ಮೇಲೆ ಅಲ್ಲಿ ಒಂದು ದಿನವೂ ಸಂತೆ ನೆರೆಯಲಿಲ್ಲ. ಮೇಕೆಗಳಿಗೆ ಮಾತ್ರ ಅದು ಬಹಳ ಒಗ್ಗಿತು. ಬಿಸಿಲೇರಿತೆಂದರೆ ಊರಿನ ಮೇಕೆಗಳೆಲ್ಲ ಅಲ್ಲಿ ಬಂದು ಸೇರಿ, ಮೆಲುಕು ಹಾಕುತ್ತ, ಹೊರಗೆ ಬೆವರು ಸುರಿಸಿಕೊಂಡು ಹೋಗುವ ಮನುಷ್ಯರನ್ನು ನೋಡುತ್ತ ಮಲಗುತ್ತಿದ್ದವು.

ಹೊಳೆಯ ಆಚೆ ದಡದಲ್ಲಿ ಇಲಿಂಗೆ ಎಂಬ ಊರು. ಕ್ಯಾಂಡುಲಾಕ್ಕೆ ಶೆಡ್ಡು ಬಂತೆಂದು ಇಲಿಂಗೆಯವರೂ ಹಟ ಹಿಡಿದು ಒಂದು ಶೆಡ್ಡು ತರಿಸಿಕೊಂಡಿದ್ದರು. ಅದರಲ್ಲಿ ಶಾಲೆಯ ಮುರಿದ ಬೆಂಚುಗಳನ್ನು ಪೇರಿಸಿಟ್ಟಿದ್ದರು. ಹೀಗೆ ಎರಡು ಊರಿಗೆ ಎರಡು ಶೆಡ್ಡು. ವ್ಯಾಪಾರ ಮಾತ್ರ ಎಲ್ಲೂ ಇಲ್ಲ.

ಬೆಳೆ ಇರಲಿಲ್ಲವೆಂದಲ್ಲ. ಹೆಸರು ಚೆನ್ನಾಗಿಯೇ ಬರುತ್ತಿತ್ತು, ತೊಗರಿಯೂ ಮೋಸ ಮಾಡುತ್ತಿರಲಿಲ್ಲ. ಆದರೆ ಕೊಳ್ಳುವವರ ಲಾರಿ ಊರಿಗೆ ಬರುತ್ತಿರಲಿಲ್ಲ. ಕತ್ತೆ ಹೊಡೆದುಕೊಂಡು ದಲ್ಲಾಳಿಗಳು ಬರುತ್ತಿದ್ದರು. ಅವರು ಹೇಳಿದ್ದೇ ತೂಕ, ಅವರು ಕೊಟ್ಟದ್ದೇ ಬೆಲೆ.

ಆ ವರ್ಷ ಹೆಸರು ಬಡಿದು ಮುಗಿದಿತ್ತು. ಕಮೆನೆ ಅಂಗಳದಲ್ಲಿ ಮೊರ ಹಿಡಿದು ಕಾಳು ಕೇರುತ್ತ ಕೂತಿದ್ದಳು. ದುಡಿಮೆಯಲ್ಲಿ ಎತ್ತಿದ ಕೈ ಎಂದು ಅವಳಿಗೆ ಹೆಸರು. ಮಾತಿನಲ್ಲಿ ಅದಕ್ಕಿಂತ ಒಂದು ಕೈ ಮೇಲೆ ಎಂದೂ ಹೆಸರು. ಅಷ್ಟರಲ್ಲಿ ಪಕ್ಕದ ಮನೆಯ ನ್ದಾನು ಬಂದಳು. ನ್ದಾನು ವಾರ್ಡಿನ ಅಭಿವೃದ್ಧಿ ಸಮಿತಿಯಲ್ಲಿ ಇದ್ದವಳು. ಸಭೆ ಎಂದರೆ ಊಟ ಬಿಟ್ಟು ಓಡುವ ಹೆಂಗಸು.

"ಮ್ವೆಂಡೆ ಅವ್ವ, ಬರೋ ವಾರ ನಮ್ಮ ಶೆಡ್ಡಲ್ಲಿ ಸಭೆ ಇದೆ," ಎಂದಳು ನ್ದಾನು. ಅಲ್ಲಿ ಹೆಂಗಸರನ್ನು ಅವರ ಮೊದಲ ಮಗುವಿನ ಹೆಸರು ಹಿಡಿದೇ ಕರೆಯುವುದು. "ಮುಂದಿನ ಐದು ವರ್ಷಕ್ಕೆ ಈ ಸೀಮೆಗೆ ಏನೇನು ಬೇಕು ಅಂತ ಜಿಲ್ಲೆಯ ಕೌಂಟಿ ಆಫೀಸಿನವರು ಕೇಳ್ಕೊಂಡು ಹೋಗೋಕೆ ಬರ್ತಾರೆ. ನೀನು ಬರ್ಲೇಬೇಕು."

"ನನ್ನನ್ಯಾಕೆ ಕರೀತೀಯ? ಮೇಕೆಗಳನ್ನ ಕರಿ. ಆ ಶೆಡ್ಡಿನ ಅನುಭವ ಅವಕ್ಕೇ ಜಾಸ್ತಿ."

ಮನೆಯ ನೆರಳಲ್ಲಿ ಸ್ಟೂಲಿನ ಕಾಲು ಕೆತ್ತುತ್ತಿದ್ದ ಅವಳ ಗಂಡ ಮುಸಿಲಿಗೆ ಈ ಮಾತು ನಾಟಿತು. "ಹಂಗೆ ಹಗುರವಾಗಿ ಮಾತಾಡ್ಬೇಡ. ಹೋದ ಸಲ ಗಂಟಲು ಹರ್ಕೊಂಡು ಕೂಗಿ ಆ ಶೆಡ್ಡು ತರಿಸಿದೋನು ನಾನು."

"ಅದನ್ನೇ ಹೇಳ್ತಿರೋದು. ನಿಮ್ಮ ಗಂಟಲೂ ಹೋಯ್ತು, ಶೆಡ್ಡೂ ಮೇಕೆ ಪಾಲಾಯ್ತು," ಎಂದಳು ಕಮೆನೆ. ಆಮೇಲೆ ನ್ದಾನು ಕಡೆ ತಿರುಗಿದಳು. "ನೋಡವ್ವ, ಯೋಜನೆ ಗೀಜನೆ ಎಲ್ಲ ಬೂಟು ಹಾಕಿದೋರ ಕೆಲಸ. ಅವರು ಆಫೀಸಲ್ಲೇ ಬರ್ಕೊಂಡು ಬಂದಿರ್ತಾರೆ. ನಮ್ಮನ್ನ ಕೂರಿಸಿ, ಸೋಡ ಕುಡಿಸಿ, ಚಪ್ಪಾಳೆ ಹೊಡೆಸಿ ಹೋಗ್ತಾರೆ."

ನ್ದಾನು ಕೋಪಿಸಿಕೊಳ್ಳಲಿಲ್ಲ. ಇನ್ನೊಂದು ಮೊರ ಎಳೆದುಕೊಂಡು ತಾನೂ ಕೇರತೊಡಗಿದಳು. "ಹೋದ ಸಲ ಅವರು ಬರ್ಕೊಂಡು ಬಂದಿರ್ಲಿಲ್ಲ. ನಾವು ಶೆಡ್ಡು ಕೇಳಿದ್ವಿ, ಶೆಡ್ಡು ಕೊಟ್ರು. ಕೇಳಿದ್ದನ್ನೇ ಕೊಟ್ರೆ ಅವರದ್ದೇನು ತಪ್ಪು? ಲಾರಿ ಯಾಕೆ ಬರಲ್ಲ ಅಂತ ನಮ್ಮಲ್ಲಿ ಯಾರಾದ್ರೂ ಲಾರಿಯವನನ್ನ ಕೇಳಿದ್ವಾ?"

"ಅವನನ್ನೇನು ಕೇಳೋದು? ನಮ್ಮನ್ನ ಕಂಡ್ರೆ ಅವನಿಗೆ ಅಸಡ್ಡೆ."

"ಅಸಡ್ಡೆ ಅಂತ ಅವನು ಹೇಳಿದ್ನಾ, ನೀನೇ ಅಂದ್ಕೊಂಡ್ಯಾ?"

ಕಮೆನೆ ಮೊರ ಕೆಳಗಿಟ್ಟಳು. "ಸರಿ, ಸಂತೆಗೆ ಹೋಗಿ ಅವನನ್ನೇ ಕೇಳೋಣ," ಎಂದಳು.

ಹತ್ತಿರದ ಪೇಟೆ ಮುಟ್ವಾನಿಯ ಸಂತೆಯ ದಿನ ಇಬ್ಬರೂ ಬೋಡಾ ಎಂಬ ಬಾಡಿಗೆ ಮೋಟಾರು ಬೈಕಿನ ಹಿಂದೆ ಒತ್ತಿಕೊಂಡು ಕೂತು, ಧೂಳು ಕುಡಿಯುತ್ತ ಪೇಟೆ ಸೇರಿದರು. ಹೆಸರು ಕೊಳ್ಳುವ ದೊಡ್ಡ ಸಾಹುಕಾರ ಗೋಣಿಚೀಲಗಳ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಕಮೆನೆ ಹೋದವಳೇ ಎದುರು ನಿಂತು, "ಅಣ್ಣ, ನಿಮ್ಮ ಲಾರಿಗೆ ನಮ್ಮೂರಿನ ದಾರಿ ಗೊತ್ತಿಲ್ವಾ, ನಮ್ಮ ಕಾಳು ನಿಮಗೆ ಹಿಡಿಸಲ್ವಾ?" ಎಂದಳು.

ಸಾಹುಕಾರ ನಕ್ಕ. ಚೀಲದ ಮೇಲೆ ಅವರಿಗೂ ಜಾಗ ಕೊಟ್ಟ. "ಕಾಳು ಚೆನ್ನಾಗಿದೆ ತಾಯಿ. ದಾರಿಯೂ ಗೊತ್ತಿದೆ. ನಿಮ್ಮೂರಿಗೆ ಬಂದ್ರೆ ಎಷ್ಟು ಸಿಗುತ್ತೆ ಹೇಳಿ? ಅರ್ಧ ಲಾರಿ. ಅರ್ಧ ಲಾರಿಗೆ ಆ ಕಲ್ಲು ದಾರೀಲಿ ಬಂದು ಹೋದ್ರೆ ಡೀಸೆಲ್ಲೇ ನನ್ನ ಲಾಭ ತಿಂದ್ಹಾಕುತ್ತೆ."

"ಇಲಿಂಗೆಯವರ ಹತ್ರ ಇನ್ನರ್ಧ ಇದೆ," ಎಂದಳು ನ್ದಾನು. "ಅವರ ಹಿಂದೆ ಇನ್ನೂ ಎರಡು ಊರಿದೆ."

"ಇದೆ. ಆದರೆ ಹೊಳೆ ಆಚೆ ಇದೆ. ಮರಳಿಗೆ ಇಳಿಸಿದ್ರೆ ನನ್ನ ಲಾರಿ ಅಚ್ಚಿನ ತನಕ ಹೂತ್ಕೊಳ್ಳುತ್ತೆ. ಒಂದು ಸಲ ಇಳಿಸಿ, ಎಳೆಸೋಕೆ ಎತ್ತು ಹುಡುಕ್ಕೊಂಡು ಊರೂರು ಸುತ್ತಿದ್ದೀನಿ. ಆ ಕಾಳೆಲ್ಲ ಒಂದೇ ದಡದಲ್ಲಿ, ಒಂದೇ ದಿನ, ಕಲ್ಲು ಕಸ ತೆಗೆದು ಇಡಿ. ನಾನೇ ಮನೆ ಬಾಗಿಲಿಗೆ ಬರ್ತೀನಿ. ದಲ್ಲಾಳಿಗೆ ಕೊಡೋ ಪಾಲು ನಿಮಗೇ ಸೇರಲಿ."

ಇಬ್ಬರೂ ಊರಿಗೆ ಮರಳಿದರು. ಕಮೆನೆ ಬೈಕು ಇಳಿದು ಸೊಂಟಕ್ಕೆ ಸುತ್ತಿದ ಲೇಸೊ ಬಟ್ಟೆಯ ಧೂಳು ಕೊಡವಿಕೊಂಡಳು. "ಅಂದ್ರೆ, ಇಲಿಂಗೆಯವರ ಕಾಳು ಬಂದ್ರೇನೇ ನಮ್ಮ ಕಾಳಿಗೆ ಲಾರಿ ಬರೋದು," ಎಂದಳು.

"ಹೂಂ."

"ಇಲಿಂಗೆಯವರು."

"ಹೂಂ ಕಣವ್ವ. ನಿನ್ನ ಬೀಗರ ಊರೇ."

ನ್ದಾನು ಬೇಕೆಂದೇ ಹಾಗಂದಳು. ಕಮೆನೆಯ ಮಗಳು ಮ್ವೆಂಡೆಯನ್ನು ಇಲಿಂಗೆಗೇ ಕೊಟ್ಟಿದ್ದು. ಅಳಿಯ ಒಳ್ಳೆಯವನು. ಅಳಿಯನ ತಾಯಿ ಕಲುಂಡೆಗೂ ಕಮೆನೆಗೂ ಮಾತ್ರ ಮಾತಿರಲಿಲ್ಲ. ಮದುವೆ ಗಟ್ಟಿಮಾಡಲು ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಮೇಕೆ ಹೊಡೆದುಕೊಂಡು ಬರುವುದು ಅವರ ಪದ್ಧತಿ. ಬಂದ ಮೇಕೆಗಳಲ್ಲಿ ಒಂದು ಕುಂಟುತ್ತಿತ್ತು. "ನನ್ನ ಮಗಳಿಗೆ ಕುಂಟು ಮೇಕೆ ಕಳಿಸಿದ್ರು" ಎಂದು ಕಮೆನೆ ನೀರಿನ ಒರತೆಯ ಹತ್ತಿರ ಹೇಳಿದಳು. ಒರತೆಯ ಹತ್ತಿರ ಆಡಿದ ಮಾತು ಎರಡೂ ದಡಕ್ಕೆ ಮುಟ್ಟಿತು. ಅಂದಿನಿಂದ ಕಲುಂಡೆ ಕ್ಯಾಂಡುಲಾ ಕಡೆ ಮುಖ ಹಾಕಿರಲಿಲ್ಲ. ಕಮೆನೆ ಮೊಮ್ಮಕ್ಕಳನ್ನು ನೋಡಬೇಕೆಂದರೆ ಮಗಳೇ ಅವರನ್ನು ಕರೆದುಕೊಂಡು ಹೊಳೆ ದಾಟಿ ಬರಬೇಕಿತ್ತು.

ಸಭೆಯ ದಿನ ಮೇಕೆಗಳನ್ನು ಹೊರಗಟ್ಟಿ, ನೆಲ ಗುಡಿಸಿ, ಎರಡೂ ಊರಿನವರು ಶೆಡ್ಡಿನಲ್ಲಿ ಕೂತರು. ನ್ದಾನು ಹೊಳೆ ದಾಟಿ ಹೋಗಿ ಇಲಿಂಗೆಯ ಮನೆಮನೆಗೂ ಹೇಳಿ ಬಂದಿದ್ದಳು. ಕಮೆನೆ ಒಂದು ಕಂಬಕ್ಕೆ ಒರಗಿ ಕೂತಳು. ಕಲುಂಡೆ ಎದುರಿನ ಕಂಬಕ್ಕೆ ಒರಗಿ ಬೇರೆ ಕಡೆ ನೋಡುತ್ತ ಕೂತಳು. ಕೌಂಟಿಯಿಂದ ಬಂದಿದ್ದವಳು ಮುಂಬುವಾ ಎಂಬ ಯೋಜನಾಧಿಕಾರಿ. ಚಿಕ್ಕ ವಯಸ್ಸು. ಬೂಟು ಹಾಕಿದ್ದಳು. ಅದನ್ನು ಕಮೆನೆ ಗಮನಿಸದೆ ಬಿಡಲಿಲ್ಲ.

"ಏನು ಬೇಕು ಅಂತ ಆಮೇಲೆ ಹೇಳಿ," ಎಂದಳು ಮುಂಬುವಾ. "ಮೊದಲು, ನಿಮ್ಮ ಬದುಕು ಎಲ್ಲಿ ಸಿಕ್ಕಿಹಾಕ್ಕೊಂಡಿದೆ ಹೇಳಿ."

ಮುಸಿಲಿ ಎದ್ದ. "ದಾರೀಲಿ. ನಮಗೆ ದಾರಿ ಬೇಕು."

ಇಲಿಂಗೆಯ ಮುದುಕನೊಬ್ಬ ಕೋಲೂರಿ ಎದ್ದ. "ನಿಮ್ಮ ದಾರಿಗೆ ಬೆಂಕಿ ಹಾಕ. ನಮ್ಮ ಹೆಂಗಸರು ಬೇಸಿಗೇಲಿ ಒಂದಾಳುದ್ದ ಮರಳು ತೋಡ್ತಾರೆ ಒಂದು ಕ್ಯಾನು ನೀರಿಗೆ. ನಮಗೆ ನೀರು ಬೇಕು."

"ನೀರಿದ್ರೆ ಹೊಟ್ಟೆ ತುಂಬುತ್ತಾ?"

"ದಾರಿ ಇದ್ರೆ ಬಾಯಾರಿಕೆ ಹೋಗುತ್ತಾ?"

ಎತ್ತು ಏರಿಗೆ, ಕೋಣ ನೀರಿಗೆ. ಶೆಡ್ಡಿನ ತಗಡು ಗಡಗಡ ಎನ್ನುವಷ್ಟು ಕೂಗಾಟವಾಯಿತು. ಮುಂಬುವಾ ತಡೆಯಲಿಲ್ಲ. ಕೂಗಿ ದಣಿದ ಮೇಲೆ ನ್ದಾನು ಕಮೆನೆಯ ಪಕ್ಕೆ ತಿವಿದಳು. ಕಮೆನೆ ಎದ್ದು ಸಾಹುಕಾರ ಹೇಳಿದ್ದನ್ನು ಹೇಳಿದಳು. ಅರ್ಧ ಲಾರಿಯ ಮಾತು, ಹೂತುಕೊಂಡ ಚಕ್ರದ ಮಾತು, ಒಂದೇ ದಡದ ಮಾತು. ಎದುರು ಕಂಬದ ಕಡೆ ನೋಡದೆ ಹೇಳಿದಳು. ಆದರೆ ಸಭೆ ಸುಮ್ಮನಾಗಿ ಕೇಳಿತು.

"ಈಗ ನನ್ನದೊಂದು ಮಾತು," ಎಂದಳು ಮುಂಬುವಾ. "ಊರೂರಿಗೆ ಬೇರೆ ಬೇರೆ ಕೇಳಿದ್ರೆ ಊರೂರಿಗೆ ಒಂದೊಂದು ತುಂಡು ಸಿಗುತ್ತೆ. ತುಂಡು ತುಂಡು ಸೇರಿ ಬದುಕಾಗಲ್ಲ. ಎರಡು ಖಾಲಿ ಶೆಡ್ಡು ನಿಮ್ಮ ಕಣ್ಣೆದುರಿಗೇ ಇದೆ. ನೀವು ಬೆಳೆಯೋದು ಒಂದೇ ಬೆಳೆ, ಮಾರೋದು ಒಂದೇ ಪೇಟೆಗೆ, ಕುಡಿಯೋದು ಒಂದೇ ಹೊಳೆ. ಯೋಜನೆ ಮಾತ್ರ ಯಾಕೆ ಎರಡು? ಲಾರಿ ದಾಟ್ಬೇಕು ಅಂತೀರಿ, ನೀರು ನಿಲ್ಬೇಕು ಅಂತೀರಿ. ಬಂಡೆ ಸಿಕ್ಕೋ ಕಡೆ ಹೊಳೆಗೆ ಅಡ್ಡ ಕಾಂಕ್ರೀಟಿನ ತಗ್ಗು ಕಟ್ಟೆ ಹಾಕಿದ್ರೆ, ಅದರ ಮೇಲೆ ಗಾಡಿ ದಾಟುತ್ತೆ. ಮೇಲ್ಗಡೆ ಮರಳು ತುಂಬ್ಕೊಳ್ಳುತ್ತೆ, ಮರಳಿನ ಹೊಟ್ಟೇಲಿ ನೀರು ನಿಲ್ಲುತ್ತೆ. ಬಿಸಿಲಿಗೆ ಆರಲ್ಲ. ಬೇರೆ ಕಡೆ ಮಾಡಿದ್ದಾರೆ. ಇಲ್ಲಿ ಆಗುತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಎಂಜಿನಿಯರು ಬಂದು ನೋಡ್ಲಿ."

ಎಂಜಿನಿಯರು ಬಂದ. ಉದ್ದನೆಯ ಕಬ್ಬಿಣದ ಸರಳು ಹಿಡಿದು ಹೊಳೆಯುದ್ದಕ್ಕೂ ಮರಳಿಗೆ ಚುಚ್ಚುತ್ತ ನಡೆದ. ಮಕ್ಕಳೆಲ್ಲ ಅವನ ಹಿಂದೆ. ಜನ ದಿನವೂ ದಾಟುವ ಕಡೆ ಸರಳು ಇಳಿಯಿತು, ಇಳಿಯುತ್ತಲೇ ಹೋಯಿತು. ಕೊನೆಗೆ ಮೇಲ್ದಂಡೆಯ ಒಂದು ಕಡೆ ಠಣ್ ಎಂದಿತು. ಅಲ್ಲಿ ದಡದಿಂದ ದಡಕ್ಕೆ ಬಂಡೆ. ಜನ ತಲೆಯೆತ್ತಿ ನೋಡಿದರೆ ಇಲಿಂಗೆಯ ಕಡೆ ದಡದಲ್ಲಿ ಕಲುಂಡೆಯ ತೊಗರಿ ಹೊಲ. ದಾರಿ ಏರಿಸಬೇಕಾದರೆ ಆ ಹೊಲದ ಒಂದು ಮೂಲೆ ಬೇಕು.

ಕಲುಂಡೆ ಅಲ್ಲಿಯೇ ನಿಂತಿದ್ದಳು. "ಕಾಳು ಸೇರಿಸೋ ಶೆಡ್ಡು ಅವರ ದಡದಲ್ಲಿ. ತಕ್ಕಡಿ ಅವರ ಕೈಲಿ. ಜಾಗ ಮಾತ್ರ ನನ್ನದು," ಎಂದಳು. "ಚೆನ್ನಾಗಿದೆ ಲೆಕ್ಕ. ನಾನು ಕೊಡಲ್ಲ." ಸೆರಗು ಕೊಡವಿ ಹೊರಟುಹೋದಳು.

ಹೊಲದವರು ಒಪ್ಪದಿದ್ದರೆ ಅದನ್ನು ಯೋಜನೆಗೆ ಸೇರಿಸಲಾಗದು ಎಂದಳು ಮುಂಬುವಾ. ವಾರ್ಡಿನ ಸಭೆ ಹತ್ತಿರದಲ್ಲಿತ್ತು. ಆ ಸಭೆಯಲ್ಲಿ ಪಟ್ಟಿಗೆ ಸೇರದಿದ್ದರೆ ಇನ್ನು ಐದು ವರ್ಷ ಕಾಯಬೇಕು.

ಆ ಸಂಜೆ ಕಮೆನೆಯ ಅಂಗಳದಲ್ಲಿ ನ್ದಾನು ಕೂತಳು. ಮುಸಿಲಿ ಕೂತ. ಎಲ್ಲರೂ ಕಮೆನೆಯನ್ನೇ ನೋಡುತ್ತಿದ್ದರು.

"ನನ್ನನ್ಯಾಕೆ ಹಂಗೆ ನೋಡ್ತೀರಿ?"

"ನಿನ್ನ ಬೀಗಿತ್ತಿ ಅಲ್ವಾ," ಎಂದಳು ನ್ದಾನು.

"ಅವಳ ಮನೆ ಹೊಸ್ತಿಲು ತುಳಿಯಲ್ಲ ಅಂತ ನಾನು ಎಲ್ಲರೆದುರು ಹೇಳಿದ್ದೀನಿ."

"ಹೇಳಿದ್ದನ್ನ ಕೇಳಿಸ್ಕೊಂಡೋರು ನಾವೇ. ನಾವು ಮರೀತೀವಿ ಬಿಡು."

ಮರುದಿನ ಬೆಳಿಗ್ಗೆ ಕಮೆನೆ ತಾನೇ ಹೆಣೆದ ಕ್ಯೊಂಡೊ ಬುಟ್ಟಿಯಲ್ಲಿ ಚಹಾಪುಡಿ, ಸಕ್ಕರೆ, ಒಂದು ಸೇರು ಆರಿಸಿದ ಹೆಸರು ಇಟ್ಟುಕೊಂಡು ಹೊಳೆಗಿಳಿದಳು. ಮರಳು ಕಾಲು ಜಗ್ಗಿತು. ಬಂಡೆಗಳ ನಡುವೆ ಜಾರಿ ಮೊಣಕಾಲು ತರಚಿತು. ಬರಿಗೈಯಲ್ಲಿ ಬಂದಿದ್ದರೆ ಅಲ್ಲಿಂದಲೇ ಹಿಂದಿರುಗುತ್ತಿದ್ದಳೇನೋ. ಬುಟ್ಟಿ ಹೊತ್ತು ಹೊರಟವಳು ತಿರುಗಿ ಬರುವುದನ್ನು ಊರು ನೋಡಿದರೆ ಇನ್ನೂ ಅವಮಾನ ಎಂದು ಮುಂದೆ ನಡೆದಳು.

ತಾಯಿಯನ್ನು ಕಂಡು ಮ್ವೆಂಡೆಯ ಕೈಯಲ್ಲಿದ್ದ ಪೊರಕೆ ಹಾಗೆಯೇ ನಿಂತಿತು. ಒಳಗಿನಿಂದ ಕಲುಂಡೆಯ ಧ್ವನಿ ಬಂತು. "ಕಮೆನೆ, ಎಷ್ಟು ಸಲ ಹೇಳ್ಬೇಕು ನಿನಗೆ? ನಿನಗೆ ಕಿವಿ ಇಲ್ವಾ?"

ಕಮೆನೆಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಒಳಗಿನಿಂದ ಮುಖಕ್ಕೆಲ್ಲ ಗಂಜಿ ಮೆತ್ತಿಕೊಂಡ ಪುಟ್ಟ ಹುಡುಗಿಯೊಂದು ಓಡಿ ಬಂತು. ಹಿಂದೆಯೇ ಕಲುಂಡೆ ಬಂದಳು. ಬೀಗಿತ್ತಿಯನ್ನು ನೋಡಿ ನಿಂತಳು. ಎರಡನೆಯ ಮೊಮ್ಮಗಳಿಗೆ ತಾಯಿಯ ತಾಯಿಯ ಹೆಸರಿಡುವುದು ಅವರ ಪದ್ಧತಿ. ಆ ಹುಡುಗಿಯ ಹೆಸರೂ ಕಮೆನೆ.

"ನಿನಗಲ್ಲ ಅಂದಿದ್ದು. ಇವಳಿಗೆ," ಎಂದಳು ಕಲುಂಡೆ. ಹುಡುಗಿಯ ರಟ್ಟೆ ಹಿಡಿದು, "ಹೇಳಿದ ಮಾತು ಒಂದೂ ಕೇಳಲ್ಲ. ಹೆಸರಿನ ಗುಣ. ಆದ್ರೂ ದಿನಾ ಬೆಳಿಗ್ಗೆ ನಿನ್ನ ಹೆಸರು ಹಿಡಿದು ಬೈಯೋ ಪುಣ್ಯ ನನಗೆ ಸಿಕ್ಕಿದೆ," ಎಂದಳು.

ಕಮೆನೆಗೆ ನಗು ತಡೆಯಲಾಗಲಿಲ್ಲ. ಮ್ವೆಂಡೆಯೂ ಸೆರಗು ಬಾಯಿಗೆ ಇಟ್ಟುಕೊಂಡಳು. ಕಲುಂಡೆ ನಗಲಿಲ್ಲ, ಆದರೆ ಕೂರಲು ಸ್ಟೂಲು ಹಾಕಿದಳು.

ಚಹಾ ಬಂತು. ಮೆಕ್ಕೆಜೋಳಕ್ಕೆ ತೊಗರಿ ಹಾಕಿ ಬೇಯಿಸಿದ ಮುತೊಕೊಯ್ ಬಂತು. ಉಂಡು ಕೈ ತೊಳೆಯುವ ತನಕ ಯಾರೂ ವಿಷಯ ಎತ್ತಲಿಲ್ಲ. ಕಲುಂಡೆಯ ಕಣ್ಣು ಬೀಗಿತ್ತಿಯ ಮೊಣಕಾಲಿನ ಮೇಲೆ ಬಿತ್ತು.

"ಏನಾಯ್ತು?"

"ಹೊಳೆ ಕಲ್ಲಲ್ಲಿ ಜಾರಿದೆ."

"ಎಲ್ಲಿ? ಆ ಎರಡು ಕರಿಬಂಡೆ ನಡುವೆ ತಾನೆ?" ಎಂದಳು ಕಲುಂಡೆ. "ನನ್ನ ಮೇಕೇನೂ ಅಲ್ಲೇ ಜಾರಿದ್ದು. ನನ್ನ ಕೊಟ್ಟಿಗೆಯಿಂದ ನೆಟ್ಟಗೆ ನಡ್ಕೊಂಡು ಹೋಗಿತ್ತು ಕಣವ್ವ. ನಮ್ಮ ಹಿಂಡಲ್ಲೇ ಒಳ್ಳೆ ಮೇಕೆ ಅದು, ನಾನೇ ಆರಿಸಿದ್ದು. ಬಂಡೆ ಸಂದೀಲಿ ಕಾಲು ಸಿಕ್ಕಿ ಉಳುಕಿತು. ನಿಮ್ಮ ಮನೆ ತಲುಪೋ ಹೊತ್ತಿಗೆ ಕುಂಟು ಮೇಕೆ ಆಯ್ತು. ನಿಮ್ಮಲ್ಲಿ ಒಬ್ಬರಾದ್ರೂ ಯಾಕೆ ಕುಂಟುತ್ತೆ ಅಂತ ಕೇಳಿದ್ರಾ?"

ಕಮೆನೆ ತಲೆ ತಗ್ಗಿಸಿದಳು. ಯಾರೂ ಕೇಳಿರಲಿಲ್ಲ. ಲಾರಿಯವನನ್ನೂ ಕೇಳಿರಲಿಲ್ಲ, ಇವಳನ್ನೂ ಕೇಳಿರಲಿಲ್ಲ.

"ತಪ್ಪಾಯ್ತು," ಎಂದಳು. "ಒರತೆ ಹತ್ರ ಆಡಿದ ಮಾತನ್ನ ಒರತೆ ಹತ್ರವೇ ವಾಪಸು ತಗೋತೀನಿ. ಹತ್ತು ಜನ ಇರೋವಾಗ."

ಕಲುಂಡೆ ಮೊಮ್ಮಗಳ ಮುಖದ ಗಂಜಿ ಒರೆಸಿದಳು. "ಜಾಗದ ವಿಷಯ ಬೇರೆ," ಎಂದಳು ಕೊನೆಗೆ. "ಮೇಕೆ ಮಾತಿಗೆ ಹೊಲ ಕೊಡೋಕಾಗಲ್ಲ. ನಾಳೆ ನಮ್ಮ ಕಾಳು ನಿಮ್ಮ ದಡಕ್ಕೆ ಬರುತ್ತೆ. ನಾವು ನಿಮ್ಮ ಶೆಡ್ಡಿನೆದುರು ಕೈಕಟ್ಟಿ ನಿಲ್ಬೇಕಾ?"

"ಯಾರ ಶೆಡ್ಡು? ಎರಡೂ ಊರಿಂದು ಅಂತ ಬರೆಸೋಣ. ತಕ್ಕಡಿ ಹತ್ರ ನಿಮ್ಮ ಕಡೆಯೋರು ಒಬ್ಬರು, ನಮ್ಮ ಕಡೆಯೋರು ಒಬ್ಬರು. ತಕ್ಕಡಿ ಪೆಟ್ಟಿಗೆಗೆ ಬೀಗದ ಕೈ ಎರಡು. ನಿಮ್ಮ ಹಿಂದಿರೋ ಎರಡು ಊರೋರೂ ಶೆಡ್ಡಿನ ಸಮಿತೀಲಿ ಇರ್ಲಿ."

"ನಿನ್ನ ಗಂಡ ಒಪ್ತಾನಾ? ಗಂಟಲು ಹರ್ಕೊಂಡು ತರಿಸಿದ ಶೆಡ್ಡು ಅಂತೆ."

"ಅವರನ್ನ ನನಗೆ ಬಿಡು."

ಮುಸಿಲಿ ಸುಲಭಕ್ಕೆ ಒಪ್ಪಲಿಲ್ಲ. "ನಮ್ಮ ಶೆಡ್ಡನ್ನ ಅವರಿಗೆ ಬರ್ಕೊಡೋದಾ?" ಎಂದು ರಾತ್ರಿ ಊಟ ಬಿಟ್ಟು ಕೂತ. ಕಮೆನೆ ತಟ್ಟೆಯನ್ನು ಅವನ ಮುಂದೆಯೇ ಇಟ್ಟಳು. "ಮೇಕೆ ಬಳಸುವಾಗ ನಿಮಗೆ ಸಂಕಟ ಆಗ್ಲಿಲ್ಲ. ಮನುಷ್ಯರು ಬಳಸ್ತಾರೆ ಅಂದ್ರೆ ಯಾಕೆ ಹೊಟ್ಟೆಯುರಿ? ಅವರು ಹೊಲ ಬಿಡ್ತಿದ್ದಾರೆ. ನಾವು ಜಂಬ ಬಿಡ್ಬೇಕು, ಅಷ್ಟೇ." ಅವನು ಸ್ವಲ್ಪ ಹೊತ್ತು ತಟ್ಟೆ ನೋಡಿದ. ಆಮೇಲೆ ಉಂಡ. ಅದೇ ಅವನ ಒಪ್ಪಿಗೆ.

ವಾರ್ಡಿನ ಸಭೆ ಮುಟ್ವಾನಿಯ ಶಾಲೆಯಲ್ಲಿ ನಡೆಯಿತು. ಪೇಟೆಯವರು ಬಸ್ಸು ನಿಲ್ದಾಣಕ್ಕೆ ದೀಪ ಬೇಕೆಂದರು. ಅದೂ ನ್ಯಾಯವೇ. ಇದ್ದ ಅನುದಾನದಲ್ಲಿ ಯಾವುದಾದರೂ ಒಂದೇ ಮೊದಲು ಆಗುವಂತಿತ್ತು. ಕಮೆನೆ, ಕಲುಂಡೆ ಜೊತೆಯಾಗಿ ಎದ್ದು ನಿಂತರು. ಇಬ್ಬರನ್ನೂ ಬಲ್ಲವರು ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕೂತರು.

"ನಾವು ಬೇರೆ ಬೇರೆ ಊರಿನೋರು," ಎಂದಳು ಕಮೆನೆ. "ಕೇಳೋದು ಒಂದೇ. ಈ ಕಟ್ಟೆ ಆದ್ರೆ ನಾಲ್ಕು ಊರಿನ ಕಾಳು ಲಾರಿ ಹತ್ತುತ್ತೆ."

"ಬೇಸಿಗೇಲಿ ನಾಲ್ಕು ಊರಿನ ಹೆಂಗಸರಿಗೆ ನೀರು ಸಿಗುತ್ತೆ," ಎಂದಳು ಕಲುಂಡೆ. "ಜಾಗ ನಾನು ಕೊಡ್ತೀನಿ. ಹೊಳೆ ಕಲ್ಲು ನಾವೇ ಹೊರ್ತೀವಿ."

"ಕಾಳು ಮಾರಿದ ದುಡ್ಡು ನಾವು ಹೊಳೇಲಿ ಹೂತಿಡಲ್ಲ," ಎಂದು ಕಮೆನೆ ಪೇಟೆಯವರ ಕಡೆ ತಿರುಗಿದಳು. "ನಿಮ್ಮ ಅಂಗಡಿಗೇ ಬರುತ್ತೆ. ತಗಡು, ಬಟ್ಟೆ, ಪುಸ್ತಕ, ಎಲ್ಲ ನಿಮ್ಮಲ್ಲೇ ಕೊಳ್ಳೋದು. ನಾವು ಖಾಲಿ ಕೈಲಿ ಇದ್ರೆ ನಿಮ್ಮ ನಿಲ್ದಾಣದ ದೀಪದ ಕೆಳಗೆ ಬಂದು ಏನು ಮಾಡೋದು?"

ಮೊದಲು ನಕ್ಕವರು ಪೇಟೆಯವರೇ. ಕೈ ಎತ್ತಿ ಎಣಿಸಿದಾಗ ಅವರಲ್ಲೂ ಹಲವರ ಕೈ ಅಡ್ಡಗಟ್ಟೆಗೇ ಎದ್ದಿತು. ದೀಪ ಅದರ ಮುಂದಿನ ವರ್ಷಕ್ಕೆ ನಿಂತಿತು.

ಅಲ್ಲಿಗೇ ಮುಗಿಯಿತೆಂದು ಕಮೆನೆ ಅಂದುಕೊಂಡಳು. ನ್ದಾನು ಬಿಡಲಿಲ್ಲ. ಯೋಜನೆಯ ಕರಡು ಸಿದ್ಧವಾದ ಮೇಲೆ ಜನ ಅದನ್ನು ಓದಿಸಿ ಕೇಳಬಹುದು, ಸರಿಯಿಲ್ಲದಿದ್ದರೆ ಹೇಳಬಹುದು, ಅದಕ್ಕೆಂದೇ ಸಮಯ ಕೊಡುತ್ತಾರೆ ಎಂದು ಎಲ್ಲರನ್ನೂ ಮತ್ತೆ ಹೊರಡಿಸಿದಳು. ಮುಂಬುವಾ ಓದಿದಳು. ಓದುತ್ತಿದ್ದಂತೆ ಕಲುಂಡೆ ಕೈ ಎತ್ತಿದಳು. "ಗಾಡಿ ದಾಟೋ ಹಾಸು ಅಂತ ಇದೆ. ನೀರು ನಿಲ್ಲಿಸೋ ಕಟ್ಟೆ ಅಂತ ಎಲ್ಲಿದೆ?"

ಮುಂಬುವಾ ಮತ್ತೆ ನೋಡಿದಳು. ಇರಲಿಲ್ಲ. ಟೈಪು ಮಾಡುವಾಗ ಯಾರೋ ಚಿಕ್ಕದು ಮಾಡಿದ್ದರು. ಹಾಗೆಯೇ ಬಿಟ್ಟಿದ್ದರೆ ಲಾರಿ ದಾಟುತ್ತಿತ್ತು, ನೀರು ಹರಿದುಹೋಗುತ್ತಿತ್ತು. "ಒಳ್ಳೇದಾಯ್ತು ಬಂದಿದ್ದು," ಎಂದು ಅಲ್ಲಿಯೇ ತಿದ್ದಿಸಿದಳು.

ಮೊದಲ ವರ್ಷ ಕೆಲಸ ಶುರುವಾಗಲಿಲ್ಲ. ಮುಸಿಲಿ "ನಾನು ಹೇಳಿರ್ಲಿಲ್ವಾ" ಎನ್ನಲು ಶುರುಮಾಡಿದ. ಬೀಗಿತ್ತಿಯರು ಸರದಿಯಂತೆ ವಾರ್ಡು ಆಫೀಸಿಗೆ ಹೋಗಿ ಕೇಳಿದರು. ಜಗಳವಾಡಲಿಲ್ಲ, ಬಿಡಲೂ ಇಲ್ಲ. ಮರುವರ್ಷ ಬೇಸಿಗೆಯಲ್ಲಿ ಸಿಮೆಂಟು ಬಂತು. ನಾಲ್ಕು ಊರಿನವರು ಕಲ್ಲು ಹೊತ್ತರು. ಹೆಂಗಸರು ಹಾಡಿಕೊಂಡು ಹೊತ್ತರು. ಗಂಡಸರು ಬೈದುಕೊಂಡು ಹೊತ್ತರು. ಮಳೆಗಾಲಕ್ಕೆ ಮುಂಚೆ ಕಟ್ಟೆ ಎದ್ದಿತು.

ನವೆಂಬರಿನಲ್ಲಿ ಕೆಂಪು ನೀರು ಅಬ್ಬರಿಸಿಕೊಂಡು ಬಂದು ಕಟ್ಟೆಯ ಮೇಲೆ ಹಾಯ್ದು ಹೋಯಿತು. ಇಳಿದ ಮೇಲೆ ನೋಡಿದರೆ ಮೇಲ್ದಂಡೆಯಲ್ಲಿ ಹೊಸ ಮರಳು ಒಂದಷ್ಟು ತುಂಬಿತ್ತು. ಒಂದೇ ಮಳೆಗೆ ಪೂರ್ತಿ ತುಂಬಲಿಲ್ಲ, ಎರಡನೆಯ ಮಳೆ ಬೇಕಾಯಿತು. ಆದರೂ ಮುಂದಿನ ಬೇಸಿಗೆಯ ನಡುವೆ, ಒರತೆಗಳೆಲ್ಲ ಪಾತಾಳಕ್ಕಿಳಿಯುವ ಹೊತ್ತಿನಲ್ಲಿ, ಕಮೆನೆ ಕಟ್ಟೆಯ ಹಿಂದೆ ಮಂಡಿಯೂರಿ ಸೋರೆಬುರುಡೆಯಿಂದ ಮರಳು ಗೋರಿದಳು. ಮೊಣಕೈ ಆಳಕ್ಕೆ ಹೋಗುವಷ್ಟರಲ್ಲಿ ತಂಪು ತಗುಲಿತು. ನೋಡನೋಡುತ್ತ ಗುಳಿಯಲ್ಲಿ ತಿಳಿನೀರು ಜಿನುಗಿ ನಿಂತಿತು. ಸುತ್ತ ನೀರಿಗೆ ಬಂದ ಹೆಂಗಸರು ಹತ್ತಕ್ಕಿಂತ ಹೆಚ್ಚೇ ಇದ್ದರು. "ಎಲ್ಲರೂ ಕೇಳ್ರವ್ವ," ಎಂದಳು ಕಮೆನೆ. "ನನ್ನ ಬೀಗರು ಕಳಿಸಿದ ಮೇಕೆ ಕುಂಟಾಗಿರ್ಲಿಲ್ಲ. ನನ್ನ ಮಾತು ಕುಂಟು." ಕಲುಂಡೆ ಕೇಳಿಸದವಳಂತೆ ಕ್ಯಾನು ತುಂಬಿಸಿಕೊಂಡಳು. ಆದರೆ ಆ ದಿನ ಅವಳ ಕ್ಯಾನು ತುಂಬಲು ಬಹಳ ಹೊತ್ತು ಹಿಡಿಯಿತು.

ಸುಗ್ಗಿ ಬಂದಾಗ ಸಾಹುಕಾರ ಮಾತಿಗೆ ತಪ್ಪಲಿಲ್ಲ. ಕಾಳನ್ನು ಮೊದಲೇ ಆರಿಸಿ, ಒಣಗಿಸಿ, ಒಂದೇ ದಿನ ಶೆಡ್ಡಿಗೆ ತಂದಿದ್ದರು. ಆಚೆ ದಡದ ಊರುಗಳಿಂದ ಕತ್ತೆಗಳು, ಎತ್ತಿನ ಗಾಡಿಗಳು ಸಾಲಾಗಿ ಕಟ್ಟೆ ದಾಟಿ ಬಂದವು. ತಕ್ಕಡಿಯ ಒಂದು ಪಕ್ಕ ಕ್ಯಾಂಡುಲಾದ ಹೆಂಗಸು, ಇನ್ನೊಂದು ಪಕ್ಕ ಇಲಿಂಗೆಯ ಹೆಂಗಸು. ಲಾರಿ ತುಂಬಿತು. ಸಿಕ್ಕ ಬೆಲೆ ನೋಡಿ ಮುಸಿಲಿ ಆ ಸಂಜೆ ಯಾರನ್ನೂ ಬೈಯಲಿಲ್ಲ. ದಲ್ಲಾಳಿಗಳೂ ಹಸಿವಿನಿಂದ ಸಾಯಲಿಲ್ಲ. ಅವರಲ್ಲಿ ಇಬ್ಬರು ಈಗ ಇಲಿಂಗೆಯ ಹಿಂದಿನ ಊರುಗಳಿಂದ ಶೆಡ್ಡಿಗೆ ಕಾಳು ಸಾಗಿಸುವ ಬಾಡಿಗೆಗೆ ತಮ್ಮ ಕತ್ತೆಗಳನ್ನು ಹೂಡಿದ್ದಾರೆ.

ಈಗ ಕಟ್ಟೆಯ ಹತ್ತಿರ ಸಣ್ಣ ಸಣ್ಣ ತರಕಾರಿ ಮಡಿಗಳು ಎದ್ದಿವೆ. ಮುಂದಿನ ಯೋಜನೆಗೆ ಏನು ಕೇಳಬೇಕೆಂದು ಬೀಗಿತ್ತಿಯರಿಗೆ ಆಗಲೇ ವಾದ ಹತ್ತಿದೆ. ಬೇಳೆ ಒಡೆಯುವ ಮಿಲ್ಲು ಬೇಕು ಎನ್ನುತ್ತಾಳೆ ಕಮೆನೆ. ಕಾಳು ಕೆಡದಂತೆ ಇಡುವ ಉಗ್ರಾಣ ಮೊದಲು ಎನ್ನುತ್ತಾಳೆ ಕಲುಂಡೆ. ಸಂಜೆ ಹೊತ್ತು ಇಬ್ಬರೂ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು ಜೋರಾಗಿಯೇ ಕಚ್ಚಾಡುತ್ತಾರೆ. ಅದಕ್ಕೆ ಯಾರೂ ಗಾಬರಿಯಾಗುವುದಿಲ್ಲ. ಕೊನೆಗೆ ಒಂದನ್ನೇ ಕೇಳುತ್ತಾರೆಂದು ಎಲ್ಲರಿಗೂ ಗೊತ್ತು.

ಅಕ್ಕ, ಅಣ್ಣ, ಇದನ್ನು ಕೇಳುತ್ತಿರುವ ನಿಮ್ಮೂರಿನಲ್ಲೂ ಒಂದು ಹೊಳೆ ಇರುತ್ತದೆ. ಹೊಳೆ ಇಲ್ಲದಿದ್ದರೆ ಮುನಿಸು ಇರುತ್ತದೆ. ಯೋಜನೆಯ ಸಭೆ ಕರೆದಾಗ "ನಮ್ಮ ಮಾತು ಯಾರು ಕೇಳ್ತಾರೆ" ಎಂದು ಮನೆಯಲ್ಲಿ ಕೂರಬೇಡಿ. ನೀವು ಹೋಗದಿದ್ದರೆ ನಿಮ್ಮ ಮಾತು ಅಲ್ಲಿ ಇರುವುದೇ ಇಲ್ಲ, ಇನ್ನು ಕೇಳುವುದೆಲ್ಲಿ. ಹೋಗುವ ಮುಂಚೆ ನಿಮ್ಮ ಬೆಳೆ ಕೊಳ್ಳುವವರನ್ನು ಕೇಳಿ: ಎಲ್ಲಿ ಕಷ್ಟ, ಯಾಕೆ ಬರುವುದಿಲ್ಲ ಎಂದು. ಪಕ್ಕದ ಊರಿನವರ ಜೊತೆ ಕೂತು ಮಾತಾಡಿ, ಮಾತು ಬಿಟ್ಟವರಿದ್ದರೆ ಅವರಿಂದಲೇ ಶುರುಮಾಡಿ. ಪಕ್ಕದ ಊರಿಗೆ ಬಂತೆಂದು ನಿಮಗೂ ಅದೇ ಕೇಳಬೇಡಿ, ನಾಲ್ಕು ಊರಿಗೂ ದಾರಿಯಾಗುವುದನ್ನು ಕೇಳಿ. ಹೆಂಗಸರೂ ಎದ್ದು ನಿಂತು ಮಾತಾಡಲಿ. ಒಪ್ಪಿದ್ದನ್ನು ಓದಿಸಿ ಕೇಳಿ, ತಪ್ಪಿದ್ದರೆ ತಿದ್ದಿಸಿ, ಕೆಲಸ ಆಗುವ ತನಕ ಬಿಡದೆ ವಿಚಾರಿಸಿ.

ನಿಮ್ಮೂರಿನ ಸಭೆ ಯಾವತ್ತು ಎಂದು ಗೊತ್ತಿಲ್ಲವೇ? ಹಾಗಾದರೆ ಇವತ್ತೇ ಹೋಗಿ ಕೇಳಿ. ಬರುವಾಗ ಪಕ್ಕದ ಮನೆಯವರಿಗೂ ಹೇಳಿ ಬನ್ನಿ.